ನಾಲ್ಕು ತಾಲ್ಲೂಕುಗಳಲ್ಲಿ ಬೇಸಗೆಯ ಆರಂಭದ ತೋಟದ ಕೆಲಸಗಳು

ಶಿವರಾತ್ರಿಯ ಸುಮಾರಿಗೆ ಚಳಿಯು “ಶಿವಶಿವಾ” ಎಂದು ಹೊರಟುಹೋಗುವುದೆಂದು ಹಳ್ಳಿಗಳಲ್ಲಿ ಹೇಳುವುದುಂಟು. ಅಂದಿನಿಂದ ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ ಮಳೆಯು ಹುಟ್ಟುವವರೆಗಿನ ಆರರಿಂದ ಎಂಟು ವಾರಗಳ ಕಾಲವನ್ನು ಅನೇಕರು ಬಿಡುವಿನ ಕಾಲವೆಂದೇ ಎಣಿಸುವರು. ಕಣದ ಕೆಲಸ ಮುಗಿದಿರುತ್ತದೆ. ಜಾತ್ರೆ, ಮದುವೆಗಳ ಸಂಭ್ರಮ ತೊಡಗಿರುತ್ತದೆ. ಆದರೆ ತೋಟವುಳ್ಳವರಿಗೆ ವರ್ಷದಲ್ಲಿ ಇದಕ್ಕಿಂತ ಎಚ್ಚರದ ಕಾಲವು ಬೇರೊಂದಿಲ್ಲ. ಏಪ್ರಿಲಿನಲ್ಲಿ ಗರಿ ಜೋತ ಮೇಲೆ ಮಾಡುವ ಪ್ರಯತ್ನವು ಬಾಯಾರಿದಾಗ ಬಾವಿ ತೋಡಿದಂತೆ. ತೋಟದ ಭವಿಷ್ಯವು ಫೆಬ್ರವರಿಯ ಕೊನೆಯಲ್ಲಿಯೂ ಮಾರ್ಚಿಯಲ್ಲಿಯೂ ಯಜಮಾನನು ಮಾಡುವ ನಿರ್ಣಯಗಳನ್ನು ಅವಲಂಬಿಸಿರುವುದು.

ಇದಕ್ಕೆ ತೆಂಗಿನ ಮರವೇ ಸಾಕ್ಷಿ. ಮರದ ಸುಳಿಯೊಳಗೆ ಹೊಂಬಾಳೆಯು ಕಣ್ಣಿಗೆ ಕಾಣದಷ್ಟು ಸೂಕ್ಷ್ಮರೂಪದಲ್ಲಿ ಹುಟ್ಟಿದಂದಿನಿಂದ ಹೊರಗೆ ಬಂದು ಒಡೆಯುವುದಕ್ಕೆ ಸುಮಾರು 32 ತಿಂಗಳುಗಳು ಬೇಕು. ಒಡೆದ ಮೇಲೆ ಕಾಯಿ ಬಲಿಯುವುದಕ್ಕೆ ಮತ್ತೆ 11 ರಿಂದ 12 ತಿಂಗಳುಗಳು ಹಿಡಿಯುವುವು. 2023ರ ಮುಂಗಾರು ಸೋತು 2024ರ ಬೇಸಗೆಯು ಕಠಿನವಾದುದನ್ನು ಈ ಭಾಗದವರು ಮರೆತಿರಲಾರರು. ಆ ಮಾರ್ಚಿಯಲ್ಲಿ ಸುಳಿಯೊಳಗೆ ಹುಟ್ಟಿದ ಹೊಂಬಾಳೆಯ ಕಾಯಿಗೆ ಲೆಕ್ಕದಂತೆ 2027ರ ಕೊನೆಯ ಭಾಗವೇ ಕೊಯ್ಲಿನ ಕಾಲ. ಹೀಗೆ ಒಂದು ಬೇಸಗೆಯ ಬಾಯಾರಿಕೆಯು ಮರದೊಳಗೆ ಮೂರು ನಾಲ್ಕು ವರ್ಷಗಳವರೆಗೂ ಉಳಿಯುವುದರಿಂದ, ಇಳುವರಿ ಕಡಮೆಯಾದ ವರ್ಷದಲ್ಲಿ ಕಾರಣವನ್ನು ಆ ವರ್ಷದ ಮಳೆಯಲ್ಲಿ ಮಾತ್ರ ಹುಡುಕುವುದು ಸರಿಯಲ್ಲ.

ನಾಲ್ಕು ತಾಲ್ಲೂಕುಗಳ ನೀರಿನ ಸ್ಥಿತಿ.— ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕೂ 1939ರಲ್ಲಿ ರಚಿತವಾದ ಮಂಡ್ಯ ಜಿಲ್ಲೆಗೆ ಸೇರಿದವುಗಳಾದರೂ ನೀರಿನ ವಿಷಯದಲ್ಲಿ ಒಂದೇ ಬಗೆಯವಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳ ತಗ್ಗು ಭೂಮಿಗೆ ಚಿಕ್ಕದೇವರಾಯ ಸಾಗರ, ವಿರಿಜಾ, ಬಂಗಾರದೊಡ್ಡಿ ಮೊದಲಾದ ಹಳೆಯ ನಾಲೆಗಳೂ, 1911ರಲ್ಲಿ ಆರಂಭವಾಗಿ 1931ರಲ್ಲಿ ಮುಗಿದ ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯೂ ಆಧಾರ. ಪಾಂಡವಪುರದ ಕೆಲವು ಗ್ರಾಮಗಳಿಗೆ ತೊಣ್ಣೂರು ಕೆರೆಯ ಆಸರೆಯುಂಟು. ಕೃಷ್ಣರಾಜಪೇಟೆಯಲ್ಲಿ ಹೇಮಾವತಿ ನದಿಯ ಮಂದಗೆರೆ, ಹೇಮಗಿರಿ ಅಣೆಕಟ್ಟುಗಳ ಕಾಲುವೆಗಳಿವೆ; 1979ರಲ್ಲಿ ಮುಗಿದ ಗೊರೂರಿನ ಜಲಾಶಯದ ನಾಲೆಗಳು ಮತ್ತಷ್ಟು ಭೂಮಿಯನ್ನು ಮುಟ್ಟಿವೆ. ನಾಗಮಂಗಲವು ಬಹುಮಟ್ಟಿಗೆ ಖುಷ್ಕಿ ಸೀಮೆ. ಅಲ್ಲಿಯ ಕೆಂಪು ಮರಳುಮಿಶ್ರ ಭೂಮಿಯಲ್ಲಿ ನೀರು ಬೇಗ ಇಂಗುವುದು, ಬೇಗ ಆರುವುದು. ಅಲ್ಲಿಯ ತೋಟಗಳಲ್ಲಿ ಹೆಚ್ಚಿನವು ಕೆರೆಯನ್ನೂ ಕೊಳವೆ ಬಾವಿಯನ್ನೂ ನಂಬಿವೆ.

ನಾಲೆಯ ಬಯಲಿನವರು ತಮಗೆ ಬೇಸಗೆಯ ಭಯವಿಲ್ಲವೆಂದು ತಿಳಿಯಕೂಡದು. ಬೇಸಗೆಯ ನೀರು ಜಲಾಶಯದ ಸಂಗ್ರಹವನ್ನು ನೋಡಿ ತೀರ್ಮಾನವಾಗತಕ್ಕದ್ದು. ಅದು ಪ್ರತಿವರ್ಷವೂ ದೊರೆಯುವ ಹಕ್ಕಲ್ಲ. ನಾಲೆಯು ಹರಿಯುವಾಗ ಅದರ ಒಸರಿನಿಂದ ತುಂಬಿರುವ ಬಾವಿಗಳು ನಾಲೆ ನಿಂತ ಕೆಲವು ವಾರಗಳಲ್ಲಿ ತಗ್ಗುವುವು. ಆದುದರಿಂದ ನಾಲ್ಕು ತಾಲ್ಲೂಕುಗಳಿಗೂ ಒಂದೇ ಸೂತ್ರವು ಅನ್ವಯಿಸುವುದು: ಮೊದಲು ಇರುವ ನೀರನ್ನು ಅಳೆಯಬೇಕು, ಅನಂತರ ಯಾವುದನ್ನು ಉಳಿಸಬೇಕೆಂದು ಗೊತ್ತುಮಾಡಬೇಕು.

ನೀರಿನ ಲೆಕ್ಕ.— ಒಂದು ಎಕರೆಯ ಮೇಲೆ ಒಂದು ಅಂಗುಲ ನೀರು ನಿಂತರೆ ಅದು ಸುಮಾರು 1 ಲಕ್ಷ ಲೀಟರು. ಬೇಸಗೆಯ ಬತ್ತಕ್ಕೆ ಪೈರಿನ ಪೂರ್ತಿ ಅವಧಿಯಲ್ಲಿ ಸುಮಾರು 48 ಅಂಗುಲ, ಎಂದರೆ 48 ಲಕ್ಷ ಲೀಟರಿಗೆ ಕಡಮೆಯಿಲ್ಲದ ನೀರು ಬೇಕಾಗುವುದು. 30 ಅಡಿ ಅಂತರದ ತೆಂಗಿನ ತೋಟದಲ್ಲಿ ಎಕರೆಗೆ 48 ಮರಗಳು. ಹನಿ ನೀರಾವರಿಯಿಂದ ಮರವೊಂದಕ್ಕೆ ದಿನಕ್ಕೆ 50 ಲೀಟರಿನಂತೆ ಕೊಟ್ಟರೆ ದಿನಕ್ಕೆ 2,400 ಲೀಟರು, ನೂರು ದಿನಗಳಿಗೆ 2 ಲಕ್ಷ 40 ಸಾವಿರ ಲೀಟರು. ಒಂದು ಎಕರೆ ಬೇಸಗೆ ಬತ್ತದ ನೀರು 20 ಎಕರೆ ತೆಂಗನ್ನು ನೂರು ದಿನ ಬದುಕಿಸಬಲ್ಲುದೆಂದಾಯಿತು.

ಅಡಕೆಯ ಲೆಕ್ಕವನ್ನೂ ನೋಡತಕ್ಕದ್ದು, ಏಕೆಂದರೆ ಕೊಳವೆ ಬಾವಿಯನ್ನು ನೆಚ್ಚಿ ಬಯಲುಸೀಮೆಯಲ್ಲಿ ಅಡಕೆ ಇಡುವವರು ಹೆಚ್ಚುತ್ತಿದ್ದಾರೆ. 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 537 ಗಿಡಗಳು. ಹನಿಯಲ್ಲಿ ಗಿಡವೊಂದಕ್ಕೆ ದಿನಕ್ಕೆ 16 ರಿಂದ 20 ಲೀಟರು ಬೇಕು. ಎಕರೆಗೆ ದಿನವೊಂದಕ್ಕೆ ಸುಮಾರು 9,700 ಲೀಟರಾಯಿತು. ಇದು ತೆಂಗಿಗಿಂತ ನಾಲ್ಕು ಪಾಲು ಹೆಚ್ಚು. ಪಾತಿಗೆ ಹಾಯಿಸುವುದಾದರೆ ಗಿಡಕ್ಕೆ 175 ಲೀಟರಿನಂತೆ ಮಾರ್ಚಿಯಿಂದ ಮೇವರೆಗೆ 3 ರಿಂದ 5 ದಿನಗಳಿಗೊಮ್ಮೆ ಕೊಡಬೇಕಾಗುವುದರಿಂದ ವೆಚ್ಚವು ಇದರ ಎರಡರಷ್ಟಕ್ಕಿಂತಲೂ ಮೀರುವುದು.

ತಮ್ಮ ಬಾವಿಯಲ್ಲಿ ಎಷ್ಟು ನೀರಿದೆಯೆಂಬುದನ್ನು ಊಹೆಯಿಂದ ಹೇಳುವ ಬದಲು ಅಳೆದು ತಿಳಿಯುವುದು ಸುಲಭ. 200 ಲೀಟರಿನ ಪೀಪಾಯಿಯೊಂದನ್ನು ಕೊಳವೆಯ ಬಾಯಿಗೆ ಇಟ್ಟು ತುಂಬುವ ಕಾಲವನ್ನು ಗಡಿಯಾರದಲ್ಲಿ ನೋಡಬೇಕು. ಪಂಪು ಹೊರಟು ಅರ್ಧ ಗಂಟೆ ಕಳೆದ ಮೇಲೆ ಅಳೆಯುವುದು ಯುಕ್ತ. ಮೊದಲಿನ ಭರವು ಮೋಸಗೊಳಿಸುವುದು. ಪೀಪಾಯಿ 2 ನಿಮಿಷಗಳಲ್ಲಿ ತುಂಬಿದರೆ ಗಂಟೆಗೆ 6,000 ಲೀಟರು; 6 ಗಂಟೆ ಪಂಪು ನಡೆದರೆ ದಿನಕ್ಕೆ 36,000 ಲೀಟರು. ಇಷ್ಟು ನೀರಿನಲ್ಲಿ 15 ಎಕರೆ ತೆಂಗು ಬದುಕೀತು. ಅಡಕೆಯಾದರೋ ಹನಿಯಲ್ಲಿ ಕೊಟ್ಟರೂ 4 ಎಕರೆಗೆ ಸಾಲದು. ಇದಲ್ಲದೆ ಫೆಬ್ರವರಿಯಲ್ಲಿ ಅಳೆದ ನೀರು ಏಪ್ರಿಲಿನಲ್ಲಿಯೂ ಇರುವುದೆಂದು ನಂಬಕೂಡದು. ಕೊನೆಯ ತಿಂಗಳಿಗೆ ಅರ್ಧ ಮಾತ್ರ ಉಳಿಯುವುದೆಂದು ಇಟ್ಟುಕೊಂಡು ಏರ್ಪಾಡು ಮಾಡುವುದೇ ವಿವೇಕ.

ನೀರು ಸಾಲದೆ ಹೋದರೆ.— ಅಳತೆಯಿಂದ ನೀರು ಸಾಲದೆಂದು ಕಂಡುಬಂದರೆ ಎಲ್ಲಕ್ಕೂ ಸ್ವಲ್ಪಸ್ವಲ್ಪ ಹಂಚಿ ಎಲ್ಲವನ್ನೂ ಸೊರಗಿಸುವುದು ಸಾಮಾನ್ಯವಾದ ತಪ್ಪು. ಯಾವ ಗಿಡ ಹೋದರೆ ಎಷ್ಟು ವರ್ಷ ಹೋಗುವುದು ಎಂಬುದೇ ಇಲ್ಲಿ ಅಳತೆಗೋಲಾಗಬೇಕು. ತರಕಾರಿ ಹೋದರೆ ಮೂರು ತಿಂಗಳು. ಬಾಳೆ ಹೋದರೆ ಒಂದು ವರ್ಷ. ನಾಡ ತೆಂಗು ಹೋದರೆ ಮತ್ತೆ ಫಲ ಕಾಣಲು ಆರೇಳು ವರ್ಷ. ಆದುದರಿಂದ ಮೊದಲನೆಯ ಪಾಲು ಮೂರು ವರ್ಷದೊಳಗಿನ ತೆಂಗಿನ ಸಸಿಗಳಿಗೆ. ಅವುಗಳ ಬೇರು ಆಳಕ್ಕೆ ಇಳಿದಿರುವುದಿಲ್ಲ, ಅವುಗಳಿಗೆ ಬೇಕಾದ ನೀರೂ ಕಡಮೆ. ಎರಡನೆಯ ಪಾಲು ಫಲ ಬಿಡುವ ತೆಂಗು ಅಡಕೆಗಳಿಗೆ; ಮೂರನೆಯದು ಗೊನೆ ಹೊತ್ತ ಬಾಳೆಗೆ. ಗೊನೆ ಬಾರದ ಬಾಳೆಯನ್ನೂ ಹೊಸ ತರಕಾರಿಯನ್ನೂ ಬಿಡಬೇಕಾದರೆ ಮಾರ್ಚಿಯಲ್ಲಿಯೇ ಬಿಡುವುದು ಲೇಸು. ಏಪ್ರಿಲಿನವರೆಗೆ ನೀರುಂಡು ಒಣಗಿದ ಗಿಡವು ಎರಡು ನಷ್ಟಗಳನ್ನು ಉಂಟುಮಾಡುವುದು.

ಪಾತಿಗೆ ಹೊದಿಕೆ.— ಬೇಸಗೆಯ ಕೆಲಸಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದೂ ಹೆಚ್ಚು ಫಲ ಕೊಡುವುದೂ ಇದೇ. ಇದನ್ನು ಮಣ್ಣಿನಲ್ಲಿ ತೇವವಿರುವಾಗಲೇ ಮಾಡಬೇಕು. ಒಣಗಿದ ಮಣ್ಣಿಗೆ ಹೊದಿಕೆ ಹಾಕುವುದು ಬರಿದಾದ ಪೆಟ್ಟಿಗೆಗೆ ಬೀಗ ಹಾಕಿದಂತೆ. ಫೆಬ್ರವರಿಯ ಕೊನೆಯೊಳಗೆ ತೆಂಗಿನ ಬುಡದ ಸುತ್ತ 6 ಅಡಿಯವರೆಗೆ ಮಣ್ಣನ್ನು ಮೇಲುಮೇಲೆ ಸಡಿಲಿಸಿ, ಕಳೆ ತೆಗೆದು, ಒಂದು ಸಲ ಚೆನ್ನಾಗಿ ನೀರುಣಿಸಿ, ಒಣಗರಿ, ಕಬ್ಬಿನ ರವದಿ, ಉದುರಿದ ಹೊಂಗೆಯೆಲೆ, ತೆಂಗಿನ ನಾರಿನ ಪುಡಿ ಇವುಗಳಲ್ಲಿ ದೊರೆತುದನ್ನು 4 ರಿಂದ 6 ಅಂಗುಲ ದಪ್ಪಕ್ಕೆ ಹರಡಬೇಕು. ಪಾಂಡವಪುರ, ಶ್ರೀರಂಗಪಟ್ಟಣಗಳಲ್ಲಿ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿಯಿಡುವ ರೂಢಿಯುಂಟು. ಹಾಗೆ ಸುಟ್ಟುಹೋಗುವ ರವದಿಯು ನೆರೆಯ ತೋಟದ ನೀರಿನ ಖರ್ಚನ್ನು ಉಳಿಸಬಲ್ಲುದು.

ಹೊದಿಕೆಯ ವಿಷಯದಲ್ಲಿ ಎರಡು ಎಚ್ಚರಿಕೆಗಳುಂಟು. ಒಂದನೆಯದು, ಅದು ಕಾಂಡವನ್ನು ಮುಟ್ಟಬಾರದು. ಒಂದು ಅಡಿ ಬಿಡಬೇಕು, ಇಲ್ಲವಾದರೆ ಗೆದ್ದಲು ಹತ್ತುವುದು. ಎರಡನೆಯದು ಬೆಂಕಿ. ತೋಟದ ಅಂಚಿನಲ್ಲಿ ಹತ್ತು ಅಡಿ ಅಗಲದ ಪಟ್ಟಿಯನ್ನು ಕಸಕಡ್ಡಿಯಿಲ್ಲದಂತೆ ಗುಡಿಸಿಡತಕ್ಕದ್ದು.

ತೆಂಗಿನ ತೋಟ.— ನೀರನ್ನು ಕಾಂಡಕ್ಕೆ ತಾಗುವಂತೆ ಸುರಿಯುವುದರಿಂದ ಪ್ರಯೋಜನವಿಲ್ಲ. ನೀರು ಹೀರುವ ಬೇರುಗಳು ಬುಡದಿಂದ 3 ರಿಂದ 6 ಅಡಿಗಳ ನಡುವೆ ಹೆಚ್ಚಾಗಿರುವುದರಿಂದ ಹನಿಯ ತೂತುಗಳು ಆ ವಲಯದಲ್ಲಿ, ಮರದ ನಾಲ್ಕು ಕಡೆಗಳಲ್ಲಿಯೂ ಬರುವಂತೆ ಇಡಬೇಕು. ಹನಿಯ ವ್ಯವಸ್ಥೆಯಿಲ್ಲದವರು ನಾಲ್ಕು ದಿನಗಳಿಗೊಮ್ಮೆ ಮರಕ್ಕೆ 200 ಲೀಟರನ್ನು ಪಾತಿಗೆ ಸಂಜೆಯ ವೇಳೆ ಕೊಡಬಹುದು. ಸಸಿಗಳಿಗೆ ನಾಲ್ಕು ದಿನಗಳಿಗೊಮ್ಮೆ 45 ಲೀಟರು ಸಾಕು. ಆದರೆ ನೈಋತ್ಯದ ಕಡೆಗೆ ಹೆಣೆದ ಗರಿಯ ನೆರಳನ್ನು ತಪ್ಪದೆ ಕಟ್ಟಬೇಕು. ನೀರು ವಿರಳವಾದ ನಾಗಮಂಗಲದಂಥ ಕಡೆಗಳಲ್ಲಿ ಸಾಲುಗಳ ನಡುವೆ ಕಂದಕ ತೋಡಿ ಕಾಯಿಯ ಮಟ್ಟೆಗಳನ್ನು ಒಳಮೈ ಮೇಲಾಗಿರುವಂತೆ ಪದರಪದರವಾಗಿ ಹೂಳುವುದು ಬಹಳ ಪ್ರಯೋಜನಕರ. ಮಟ್ಟೆಯು ಮಳೆಯ ನೀರನ್ನು ಹೀರಿಟ್ಟುಕೊಂಡು ಬೇರುಗಳಿಗೆ ಒದಗಿಸುವುದು. ಒಮ್ಮೆ ಹೂಳಿದರೆ ಐದಾರು ವರ್ಷ ಉಪಯೋಗಕ್ಕೆ ಬರುವುದು. ಕಂದಕವನ್ನು ಈಗಲೇ ಸಿದ್ಧಪಡಿಸಿದರೆ ಮುಂಗಾರಿನ ಮಳೆಯು ವ್ಯರ್ಥವಾಗದು.

ಹಸಿರು ಗರಿಗಳನ್ನು ಚಪ್ಪರಕ್ಕೆಂದೋ ಮೇವಿಗೆಂದೋ ಕಡಿಯುವುದನ್ನು ಬಿಡಬೇಕು. ಒಂದೊಂದು ಗರಿಯ ಕಂಕುಳಲ್ಲಿಯೂ ಒಂದು ಹೊಂಬಾಳೆ ಹುಟ್ಟತಕ್ಕದ್ದು. ಒಣ ನೆಲಕ್ಕೆ ರಸಗೊಬ್ಬರ ಹಾಕುವುದೂ ಕೂಡದು. ಮಳೆ ಬಂದು ಮಣ್ಣು ಹದವಾದ ಮೇಲೆ, ಮೇ ಜೂನ್ ತಿಂಗಳುಗಳಲ್ಲಿ ಮೊದಲನೆಯ ಕಂತನ್ನು ಕೊಡಬೇಕು. ವರ್ಷಕ್ಕೆ ಮರವೊಂದಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಎಂಬುದು ಪ್ರಮಾಣ. ಇವುಗಳಲ್ಲಿ ಪೊಟ್ಯಾಷನ್ನು ಕೈಬಿಡುವವರೇ ಹೆಚ್ಚು. ಆದರೆ ಮರಕ್ಕೆ ಬರವನ್ನು ತಾಳುವ ಶಕ್ತಿ ಬರುವುದು ಅದರಿಂದಲೇ.

ಕಪ್ಪುತಲೆ ಹುಳು.— ಡಿಸೆಂಬರಿನಿಂದ ಮೇವರೆಗೆ ಈ ಹುಳುವಿನ ಬಾಧೆಯು ಪ್ರಬಲವಾಗುವುದು. ಕೆಳಗಿನ ಗರಿಗಳ ಒಳಮೈಯನ್ನು ಕೆರೆದು ತಿಂದು, ಹಿಕ್ಕೆಯಿಂದ ಸುರಂಗ ಕಟ್ಟಿಕೊಂಡು ಒಳಗಿರುವುದು. ದೂರದಿಂದ ನೋಡಿದರೆ ತೋಟವು ಬೆಂಕಿ ತಾಗಿದಂತೆ ತೋರುವುದು. ಇದನ್ನು ಬಿಸಿಲಿನ ಪರಿಣಾಮವೆಂದು ತಿಳಿದು ಸುಮ್ಮನಿರುವವರುಂಟು. ಗರಿಯನ್ನು ಮಗುಚಿ ನೋಡಿದರೆ ಸಂದೇಹ ಪರಿಹಾರವಾಗುವುದು. ಬಾಧೆಯು ಎರಡು ಮೂರು ಹೊರಗರಿಗಳಲ್ಲಿರುವಾಗಲೇ ಅವುಗಳನ್ನು ಕಡಿದು ಸುಡಬೇಕು. ಅನಂತರ ಈ ಹುಳುವನ್ನು ಕೊಲ್ಲುವ ಗೋನಿಯೋಜಸ್ ಎಂಬ ಸಣ್ಣ ಕಣಜವನ್ನು ಮರವೊಂದಕ್ಕೆ 20ರಂತೆ ಬಿಡುವುದು ಉತ್ತಮ ಮಾರ್ಗ. ಇದರ ವಿಷಯವನ್ನು ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿಯೂ ಮಂಡ್ಯದ ವಿ.ಸಿ. ಫಾರಂನಲ್ಲಿಯೂ ವಿಚಾರಿಸಬಹುದು. ಕಣಜ ಬಿಟ್ಟ ತೋಟಕ್ಕೆ ವಿಷದ ಔಷಧ ಸಿಂಪಡಿಸಿದರೆ ಮಿತ್ರನೇ ಮೊದಲು ಸಾಯುವನು. ಒಬ್ಬನ ತೋಟದಲ್ಲಿ ಮಾತ್ರ ಕೆಲಸ ನಡೆದು ನೆರೆಯವನು ಸುಮ್ಮನಿದ್ದರೆ ಚಿಟ್ಟೆಗಳು ಮರಳಿ ಬರುವುವು; ಆದಕಾರಣ ಇದು ಊರೊಟ್ಟಿನ ಕೆಲಸ. ಗೊಬ್ಬರದ ಗುಂಡಿಗಳನ್ನು ಇದೇ ತಿಂಗಳಲ್ಲಿ ಬುಡಮೇಲು ಮಾಡಿ ಕೊಂಬಿನ ದುಂಬಿಯ ಮರಿಗಳನ್ನು ಆರಿಸಿ ನಾಶಪಡಿಸುವುದೂ ಅವಶ್ಯಕ.

ಅಡಕೆ.— ಇಳಿಬಿಸಿಲು ನೈಋತ್ಯದ ಕಡೆಯಿಂದ ಕಾಂಡಕ್ಕೆ ನೇರವಾಗಿ ಬಿದ್ದರೆ ಸಿಪ್ಪೆಯು ಹಳದಿಯಾಗಿ, ಕಂದಾಗಿ, ಸೀಳಿ, ಮುಂದೆ ಗಾಳಿಗೆ ಮರವು ಅಲ್ಲಿಯೇ ಮುರಿಯುವುದು. ಎಳೆಯ ಗಿಡಗಳ ಕಾಂಡಕ್ಕೆ ಆ ಕಡೆಯಲ್ಲಿ ಅಡಕೆಯ ಹಾಳೆಯನ್ನೋ ಗರಿಯನ್ನೋ ಕಟ್ಟುವುದು, ಇಲ್ಲವೆ ಸುಣ್ಣ ಬಳಿಯುವುದು ಸಾಕಾಗುವುದು. ಹೊಸದಾಗಿ ಅಡಕೆ ಇಡಬೇಕೆಂದಿರುವವರು ಬೇಸಗೆಯ ಕೊನೆಯಲ್ಲಿ ಬಾವಿಯನ್ನು ಮೇಲೆ ಹೇಳಿದಂತೆ ಅಳೆದು, ಆ ಕಡಮೆಯ ನೀರಿಗೆ ತಕ್ಕಷ್ಟೇ ವಿಸ್ತೀರ್ಣವನ್ನು ಆರಿಸಿಕೊಳ್ಳತಕ್ಕದ್ದು. ಮಳೆಗಾಲದಲ್ಲಿ ಕಂಡ ನೀರು ತೋಟ ಕಟ್ಟುವವನಿಗೆ ಸಾಕ್ಷಿಯಲ್ಲ.

ಬಾಳೆ.— ತಾಯಿಗಿಡಕ್ಕೆ ಒಂದೇ ಕಂದನ್ನು ಬಿಟ್ಟು ಮಿಕ್ಕವನ್ನು ತೆಗೆಯಬೇಕು; ಪ್ರತಿಯೊಂದು ಕಂದೂ ನೀರಿನಲ್ಲಿ ಪಾಲು ಕೇಳುವುದು. ಒಣಗಿದ ಎಲೆಗಳನ್ನು ಕೊಯ್ದು ಬುಡಕ್ಕೇ ಹರಡಬೇಕು. ಗೊನೆಯ ಮೇಲೆ ಬಿಸಿಲು ಬೀಳದಂತೆ ಒಣ ಎಲೆಯನ್ನು ಹೊದಿಸಬೇಕು. ಏಪ್ರಿಲ್ ಮೇ ತಿಂಗಳುಗಳ ಮಳೆಯು ಬಿರುಗಾಳಿಯೊಡನೆ ಬರುವುದರಿಂದ ಗೊನೆ ಹೊತ್ತ ಗಿಡಗಳಿಗೆ ಅಶ್ವಿನಿ ಮಳೆಗೆ ಮುಂಚೆಯೇ ಊರೆಗೋಲು ಕೊಡತಕ್ಕದ್ದು.

ಮಾವು ಮತ್ತು ಅಂಜೂರ.— ಮಾವಿಗೆ ಹೂವಿನ ಕಾಲದಲ್ಲಿ ನೀರು ಕೊಡಬಾರದು. ಮಿಡಿಯು ಬಟಾಣಿಯ ಗಾತ್ರವಾದ ಮೇಲೆ 10 ರಿಂದ 12 ದಿನಗಳಿಗೊಮ್ಮೆ ಕೊಟ್ಟರೆ ಮಿಡಿ ಉದುರುವುದು ತಗ್ಗುವುದು. ಹೂವಿನಲ್ಲಿ ಬೂದಿರೋಗ ಕಂಡರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ರಿಂದ 3 ಗ್ರಾಂ ಬೆರೆಸಿ ಬಿಸಿಲೇರುವ ಮುನ್ನ ಸಿಂಪಡಿಸಬಹುದು. ಹೂವು ಪೂರ್ಣವಾಗಿ ಅರಳಿ ಜೇನುನೊಣಗಳು ಓಡಾಡುವಾಗ ಯಾವ ಸಿಂಪರಣೆಯೂ ಬೇಡ. ಉದುರಿದ ಹಣ್ಣುಗಳನ್ನು ಆರಿಸಿ ಎರಡು ಅಡಿ ಆಳಕ್ಕೆ ಹೂಳುವುದರಿಂದ ಹಣ್ಣುನೊಣವು ಕಡಮೆಯಾಗುವುದು. ಶ್ರೀರಂಗಪಟ್ಟಣದ ಗಂಜಾಮಿನ ಹೆಸರನ್ನೇ ಪಡೆದ ಅಂಜೂರದ ತಳಿಯನ್ನು ಇನ್ನೂ ಇಟ್ಟುಕೊಂಡಿರುವವರು ಹಣ್ಣು ಮಾಗುವಾಗ ಹೆಚ್ಚು ನೀರು ಕೊಟ್ಟರೆ ಹಣ್ಣು ಬಿರಿಯುವುದೆಂಬುದನ್ನು ಮರೆಯಬಾರದು.

ತರಕಾರಿ.— ಮನೆಯ ಹಿತ್ತಲಿನ ಬಚ್ಚಲ ನೀರಿನಲ್ಲಿಯೇ ಬೆಂಡೆ, ಗೋರಿಕಾಯಿ, ಹೀರೆ, ಹಾಗಲ, ದಂಟು ಬೆಳೆದುಕೊಳ್ಳಬಹುದು. ಮುಂಗಾರಿಗೆ ಸಸಿ ಬೆಳೆಸುವವರು ಒಟ್ಲುಪಾತಿಯನ್ನು ಈಗಲೇ ನೀರುಣಿಸಿ, ತಿಳಿಯಾದ ಪ್ಲಾಸ್ಟಿಕ್ ಹಾಳೆಯಿಂದ ಅಂಚುಗಳನ್ನು ಮಣ್ಣಿನಿಂದ ಮುಚ್ಚಿ 4 ರಿಂದ 6 ವಾರ ಬಿಟ್ಟರೆ, ಬಿಸಿಲಿನ ಕಾವಿನಿಂದ ಕಳೆಯ ಬೀಜವೂ ಸಸಿ ಕೊಳೆಸುವ ರೋಗಾಣುಗಳೂ ಬಹುಮಟ್ಟಿಗೆ ನಾಶವಾಗುವುವು.

ಕೆರೆಯ ಗೋಡು.— ಕೆರೆಗಳು ತಗ್ಗಿದಾಗ ಗೋಡು ಹೊಡೆಯುವುದು ಹಿರಿಯರ ಪದ್ಧತಿ. ನಾಗಮಂಗಲ, ಕೃಷ್ಣರಾಜಪೇಟೆಗಳ ಮರಳುಮಿಶ್ರ ಕೆಂಪು ಭೂಮಿಗೆ ಗೋಡು ಬಹಳ ಹಿತ. ತೇವವನ್ನು ಹಿಡಿದಿಡುವ ಗುಣವು ಅದರಿಂದ ಬರುವುದು. ತೆಂಗಿನ ಪಾತಿಯಲ್ಲಿ 2 ರಿಂದ 3 ಅಂಗುಲ ಹರಡಿದರೆ ಸಾಕು. ನಾಲೆಯ ಬಯಲಿನ ಜಿಗುಟು ಮಣ್ಣಿಗೆ ಇದು ಬೇಕಿಲ್ಲ. ಏರಿಯ ಬುಡದಲ್ಲಿಯೂ ತೂಬಿನ ಬಳಿಯಲ್ಲಿಯೂ ಅಗೆಯಕೂಡದು; ಏರಿಯಿಂದ ದೂರ ಸರಿದು ಸಮವಾಗಿ ತೆಗೆಯಬೇಕು. ಇದರಿಂದ ತೋಟಕ್ಕೆ ಗೊಬ್ಬರವೂ, ಕೆರೆಗೆ ಹೆಚ್ಚು ನೀರೂ, ಸುತ್ತಲ ಬಾವಿಗಳಿಗೆ ಇಂಗುವಿಕೆಯೂ ಒದಗುವುವು.

ಗ್ರಾಮದ ಮುಖಂಡರು ಮಾಡಬೇಕಾದುದು.— ಮೇಲಿನ ಕೆಲಸಗಳಲ್ಲಿ ಕೆಲವು ಒಬ್ಬೊಬ್ಬರಿಂದ ಆಗತಕ್ಕವಲ್ಲ. ಶಿವರಾತ್ರಿಯ ನಂತರದ ವಾರದಲ್ಲಿ ಗ್ರಾಮದ ತೋಟಗಾರರನ್ನು ಒಂದು ಕಡೆ ಸೇರಿಸಿ, ಬಾವಿಗಳನ್ನು ಅಳೆಸಿ, ನಾಲೆಯ ನೀರು ಬಂದರೆ ಸರದಿಯು ಹೇಗೆಂಬುದನ್ನು ನೀರುಗಂಟಿಯ ಎದುರಿಗೆ ಗೊತ್ತುಮಾಡುವುದು ಮೊದಲನೆಯದು. ಕಾಲುವೆಯ ತುದಿಯ ಹಿಡುವಳಿಗೆ ಮೊದಲ ಸರದಿ ಕೊಟ್ಟರೆ ಜಗಳಗಳು ಕಡಮೆಯಾಗುವುವು. ತಲೆಯಲ್ಲಿರುವವನಿಗೆ ನೀರು ಹೇಗೂ ತಪ್ಪುವುದಿಲ್ಲ. ಗೋಡು ಹೊಡೆಯಲು ಪಂಚಾಯಿತಿಯ ಅನುಮತಿ ಪಡೆದು ಎಲ್ಲರಿಗೂ ದಿನ ಹಂಚುವುದು ಎರಡನೆಯದು. ಕಪ್ಪುತಲೆ ಹುಳುವಿಗೆ ಎಲ್ಲ ತೋಟಗಳಲ್ಲಿಯೂ ಒಂದೇ ವಾರದಲ್ಲಿ ಕೆಲಸ ನಡೆಯುವಂತೆ ನೋಡುವುದು ಮೂರನೆಯದು. ಎರಡು ಮೂರು ಎಕರೆಯ ಸಣ್ಣ ಹಿಡುವಳಿದಾರನ ಬಾವಿಯು ಬತ್ತಿದಾಗ ನೆರೆಯ ದೊಡ್ಡ ಹಿಡುವಳಿಯ ಬಾವಿಯಿಂದ ಅವನ ಸಸಿಗಳಿಗೆ ವಾರಕ್ಕೆರಡು ಸಲ ನೀರು ದೊರೆಯುವಂತೆ ಮಾಡುವುದು ನಾಲ್ಕನೆಯದು. ಅವನ ಐವತ್ತು ಸಸಿಗಳಿಗೆ ಒಂದು ಸಲಕ್ಕೆ ಬೇಕಾದುದು 2,250 ಲೀಟರು ಮಾತ್ರ. ಮೇಲೆ ಹೇಳಿದ ಪಂಪಿನಲ್ಲಿ ಇದು ಅರ್ಧ ಗಂಟೆಯೊಳಗಿನ ನೀರು.

ಕೆಲಸಗಳ ಕ್ರಮ.— ಫೆಬ್ರವರಿಯ ಕೊನೆಯೊಳಗೆ: ಬಾವಿಯ ಅಳತೆ, ಪಾತಿ ತಿದ್ದುವುದು, ಹೊದಿಕೆ. ಮಾರ್ಚಿಯ ಮೊದಲ ಪಕ್ಷ: ಸಸಿಗೆ ನೆರಳು, ಅಡಕೆಗೆ ಸುಣ್ಣ, ಬಾಳೆಯ ಕಂದು ತೆಗೆಯುವುದು, ಹುಳುವಿನ ತಪಾಸಣೆ. ಮಾರ್ಚಿಯ ಎರಡನೆಯ ಪಕ್ಷ: ಬಾವಿಯನ್ನು ಮತ್ತೆ ಅಳೆಯುವುದು, ಬಿಡಬೇಕಾದುದನ್ನು ಬಿಡುವುದು, ಗೋಡು ಹೊಡೆಯುವುದು. ಏಪ್ರಿಲಿನ ಮೊದಲ ಪಕ್ಷ: ಬಾಳೆಗೆ ಊರೆಗೋಲು, ಮಟ್ಟೆಯ ಕಂದಕ, ಬದುಗಳ ದುರಸ್ತಿ, ಹೊಸ ಗಿಡಗಳಿಗೆ 3 ಅಡಿ ಉದ್ದಗಲ ಆಳದ ಗುಂಡಿಗಳು. ಅಶ್ವಿನಿ, ಭರಣಿ ಮಳೆಗಳು ಬಿದ್ದೊಡನೆ ಎಕರೆಗೆ ತಕ್ಕಷ್ಟು ಅಪ್ಪೆಸೆಣಬನ್ನು ಸಾಲುಗಳ ನಡುವೆ ಚೆಲ್ಲಿದರೆ ಮುಂದಿನ ಗೊಬ್ಬರಕ್ಕೂ ದಾರಿಯಾಗುವುದು.

ಈ ಕೆಲಸಗಳಲ್ಲಿ ಹೆಚ್ಚು ಹಣ ಬೇಡುವಂಥದು ಯಾವುದೂ ಇಲ್ಲ. ಒಂದು ಪೀಪಾಯಿ, ಒಂದು ಗಡಿಯಾರ, ತೋಟದಲ್ಲಿಯೇ ಬಿದ್ದಿರುವ ಗರಿ, ಕೆರೆಯಲ್ಲಿರುವ ಗೋಡು, ಇವುಗಳಿಂದಲೇ ಬಹುಪಾಲು ಸಾಗುವುದು. ಬೇಕಾದುದು ಕಾಲಕ್ಕೆ ಸರಿಯಾಗಿ ಮಾಡಿದ ನಿರ್ಣಯ. ಈ ಬೇಸಗೆಯಲ್ಲಿ ಬುಡಕ್ಕೆ ಸೇರಿದ ನೀರಿನ ಫಲವನ್ನು ಮುಂದಿನ ನಾಲ್ಕು ವರ್ಷಗಳ ಗೊನೆಗಳಲ್ಲಿ ಎಣಿಸಬಹುದು.